ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಿತು ಅಂತಾರೆ. ಹಾಗಾದರೆ ಆ ಸಾಲ ಕ್ಲಬ್ಬಿನ ತಲೆ ಮೇಲೆ ಯಾಕಿದೆ?

ಕೊಂಡವರು ಅವರು, ಸಾಲಗಾರ ಕ್ಲಬ್ಬು. ಮೊದಲ ಸಲ ಕೇಳಿದವರಿಗೆ ಇದೇನೋ ಮೋಸ ಅನ್ನಿಸುತ್ತದೆ. ಕಾನೂನಿನ ಪ್ರಕಾರ ಮೋಸವೇನೂ ಇಲ್ಲ, ತಲೆನೋವು ಅದೇ. ನಾನು ಯುನೈಟೆಡ್ ಅಭಿಮಾನಿ, ಜೀವನಕ್ಕೆ ಮಾಡೋದು ಆಡಿಟ್ ಕೆಲಸ. ಹಾಗಾಗಿ ಮ್ಯಾಚ್ ನೋಡಿ ಒಂದು ಸಲ, ಬ್ಯಾಲೆನ್ಸ್ ಶೀಟ್ ನೋಡಿ ಇನ್ನೊಂದು ಸಲ ಹೊಟ್ಟೆ ಉರಿಸಿಕೊಳ್ಳುತ್ತೇನೆ.

2005ರಲ್ಲಿ ಅವರು ಕೊಳ್ಳುವ ಹೊತ್ತಿಗೆ ಕ್ಲಬ್ಬಿಗೆ ಸಾಲ ಅನ್ನೋದೇ ಇರಲಿಲ್ಲ. 1991ರಿಂದ ಲಂಡನ್ ಷೇರುಪೇಟೆಯಲ್ಲಿತ್ತು, ಯಾರು ಬೇಕಾದರೂ ಷೇರು ಕೊಳ್ಳಬಹುದಿತ್ತು. ಸಾವಿರಾರು ಅಭಿಮಾನಿಗಳ ಹತ್ತಿರವೂ ಚಿಕ್ಕ ಚಿಕ್ಕ ಪಾಲು ಇತ್ತು. ಅಮೆರಿಕದಲ್ಲಿ ಟ್ಯಾಂಪಾ ಬೇ ಬಕನೀರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡದ ಒಡೆಯನಾಗಿದ್ದ ಮಾಲ್ಕಮ್ ಗ್ಲೇಜರ್ 2003ರಿಂದ ಸ್ವಲ್ಪ ಸ್ವಲ್ಪವಾಗಿ ಷೇರು ಕೊಳ್ಳುತ್ತಾ ಬಂದ. ಆದರೆ ಎಲ್ಲರಿಗಿಂತ ದೊಡ್ಡ ಗಂಟು, ಸುಮಾರು 29% ಪಾಲು, ಇದ್ದದ್ದು ಜಾನ್ ಮ್ಯಾಗ್ನಿಯರ್ ಮತ್ತು ಜೆ. ಪಿ. ಮ್ಯಾಕ್‌ಮಾನಸ್ ಅನ್ನೋ ಇಬ್ಬರು ಐರಿಷ್ ಕುದುರೆ ವ್ಯಾಪಾರಸ್ಥರ ಕೈಯಲ್ಲಿ. ಇಲ್ಲಿ ಒಂದು ಉಪಕಥೆ ಇದೆ. ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್‌ಗೂ ಈ ಮ್ಯಾಗ್ನಿಯರ್‌ಗೂ ರಾಕ್ ಆಫ್ ಜಿಬ್ರಾಲ್ಟರ್ ಅನ್ನೋ ರೇಸ್ ಕುದುರೆಯ ವಿಷಯಕ್ಕೆ ಜಗಳವಾಗಿತ್ತು. ಕುದುರೆ ರೇಸಿನಿಂದ ನಿವೃತ್ತಿಯಾದ ಮೇಲೆ ತಳಿಗೆ ಬಿಟ್ಟು ಬರೋ ದುಡ್ಡಿನಲ್ಲಿ ಅರ್ಧ ನನ್ನದು ಅಂತ ಫರ್ಗ್ಯುಸನ್ ವಾದ. ಅದು 2004ರಲ್ಲಿ ರಾಜಿಯಾಯಿತು, ಆದರೆ ಸಂಬಂಧ ಹಳಸಿತ್ತು. 2005ರ ಮೇ ತಿಂಗಳಲ್ಲಿ ಆ ಇಬ್ಬರೂ ಷೇರಿಗೆ 3 ಪೌಂಡ್‌ನಂತೆ ಎಲ್ಲವನ್ನೂ ಗ್ಲೇಜರ್‌ಗೆ ಮಾರಿಬಿಟ್ಟರು. ಅಲ್ಲಿಗೆ ಕಥೆ ಮುಗಿಯಿತು. ಪಾಲು 75% ದಾಟಿದ ಮೇಲೆ ಕ್ಲಬ್ಬನ್ನು ಷೇರುಪೇಟೆಯಿಂದ ಹೊರಗೆ ತಂದರು. ಮಾರಲ್ಲ ಅಂತ ಹಟ ಹಿಡಿದು ಕೂತಿದ್ದ ಅಭಿಮಾನಿಗಳ ಷೇರೂ ಕೊನೆಗೆ ಕಾನೂನಿನ ಬಲದಿಂದಲೇ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಒಟ್ಟು ಬೆಲೆ ಸುಮಾರು 790 ಮಿಲಿಯನ್ ಪೌಂಡ್. ಅದರಲ್ಲಿ 500 ಮಿಲಿಯನ್‌ಗೂ ಜಾಸ್ತಿ ಸಾಲ. ಒಂದು ಬಾಡಿಗೆ ಕಟ್ಟಡ ಕೊಳ್ಳುತ್ತೀರಿ ಅಂದುಕೊಳ್ಳಿ. ಕಟ್ಟಡವನ್ನೇ ಬ್ಯಾಂಕಿಗೆ ಅಡವಿಟ್ಟು, ಬರೋ ಬಾಡಿಗೆಯಲ್ಲೇ ಕಂತು ಕಟ್ಟುತ್ತೀರಿ. ಇಷ್ಟರವರೆಗೆ ಎಲ್ಲರೂ ಮಾಡೋದೇ. ಆದರೆ ನಮ್ಮಲ್ಲಿ ಬಾಡಿಗೆ ನಿಂತರೆ ಬ್ಯಾಂಕಿನವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ಯಾಕಂದರೆ ಸಾಲ ನಿಮ್ಮ ಹೆಸರಲ್ಲಿದೆ. ಗ್ಲೇಜರ್‌ಗಳು ಮಾಡಿದ್ದೇನೆಂದರೆ, ಕೊಳ್ಳೋದಕ್ಕೇ ಅಂತ ಹೊಸ ಕಂಪನಿಗಳನ್ನು ಕಟ್ಟಿ, ಅವುಗಳ ಹೆಸರಲ್ಲಿ ಸಾಲ ಎತ್ತಿ, ಅದರಲ್ಲಿ ದೊಡ್ಡ ಭಾಗಕ್ಕೆ ಕ್ಲಬ್ಬಿನ ಆಸ್ತಿಯನ್ನೇ ಅಡ ಇಟ್ಟರು. ಅಂದರೆ ಕ್ಲಬ್ಬಿನ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್‌ನ ಟಿಕೆಟ್ ದುಡ್ಡು, ಟಿವಿ ದುಡ್ಡು, ಜೆರ್ಸಿ ದುಡ್ಡು ಎಲ್ಲವೂ ಕ್ಲಬ್ಬು ತನ್ನನ್ನು ತಾನೇ ಕೊಂಡು ಗ್ಲೇಜರ್‌ಗಳ ಕೈಗಿಟ್ಟಿದ್ದಕ್ಕೆ ಕಂತಾಗಿ ಹೋಗತೊಡಗಿತು.

ಅದರಲ್ಲೂ ಒಂದು ಭಾಗ ಶ್ರೀಮಂತರ ದುಡ್ಡು ಹೂಡುವ ಹೆಡ್ಜ್ ಫಂಡ್‌ಗಳಿಂದ ಬಂದದ್ದು, ಪಿಐಕೆ ಸಾಲ ಅನ್ನುತ್ತಾರೆ. ಇದರಲ್ಲಿ ವರ್ಷ ವರ್ಷ ಬಡ್ಡಿ ಕಟ್ಟಬೇಕಿಲ್ಲ, ಅದು ಅಸಲಿಗೆ ಸೇರಿಕೊಳ್ಳುತ್ತಾ ಹೋಗುತ್ತದೆ. ಶುದ್ಧ ಚಕ್ರಬಡ್ಡಿ. 2006ರಲ್ಲಿ ಸಾಲ ಬದಲಾಯಿಸಿದ ಮೇಲೂ ಅದರ ದರ 14.25% ಇತ್ತು, 2010ರಲ್ಲಿ 16.25% ಆಯಿತು. ಇಂಗ್ಲೆಂಡಿನಲ್ಲಿ ಬ್ಯಾಂಕ್ ಬಡ್ಡಿ ಪಾತಾಳಕ್ಕೆ ಇಳಿದಿದ್ದ ಕಾಲ ಅದು, ನೆನಪಿರಲಿ. 2009ರಲ್ಲಿ ರೊನಾಲ್ಡೊನನ್ನು ರಿಯಲ್ ಮ್ಯಾಡ್ರಿಡ್‌ಗೆ 80 ಮಿಲಿಯನ್ ಪೌಂಡ್‌ಗೆ ಮಾರಿದರಲ್ಲ, ಆ ದುಡ್ಡು ಬರದಿದ್ದರೆ ಆ ವರ್ಷದ ಲೆಕ್ಕ ನಷ್ಟದಲ್ಲಿರುತ್ತಿತ್ತು. ಪ್ರೀಮಿಯರ್ ಲೀಗ್ ಗೆದ್ದು, ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ವರ್ಷ!

2010ರ ಜನವರಿಯಲ್ಲಿ ಬ್ಯಾಂಕ್ ಸಾಲ ತೀರಿಸೋಕೆ 504 ಮಿಲಿಯನ್ ಪೌಂಡ್‌ನಷ್ಟು ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿದರು. ಬಾಂಡ್ ಮಾರಬೇಕಾದರೆ ಒಳಗಿನ ಲೆಕ್ಕವನ್ನೆಲ್ಲ ಬರೆದು ಕೊಡಬೇಕು, ಹಾಗಾಗಿ ನಮ್ಮಂಥವರಿಗೆ ಹಬ್ಬ. ಆ ಕಾಗದದಲ್ಲಿ ಒಂದು ಸಾಲು ನನಗೆ ಇವತ್ತಿಗೂ ಮರೆಯೋಕಾಗಿಲ್ಲ. ಗ್ಲೇಜರ್‌ನ ಆರು ಮಕ್ಕಳು ಕ್ಲಬ್ಬಿನಿಂದಲೇ ಒಟ್ಟು 10 ಮಿಲಿಯನ್ ಪೌಂಡ್ ಕೈಸಾಲ ತಗೊಂಡಿದ್ದರು. ಸಾಲದ ಮೇಲೆ ಕೊಂಡ ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ ಮತ್ತೆ ಕೈ ಹಾಕಿದ್ದು.

ಆಗಲೇ ಅಭಿಮಾನಿಗಳ ಪ್ರತಿಭಟನೆಯಾಗಿ ಸ್ಟೇಡಿಯಂ ತುಂಬ ಕೆಂಪು ಹೋಗಿ ಹಸಿರು-ಹೊನ್ನಿನ ಸ್ಕಾರ್ಫ್‌ಗಳು ಬಂದವು. ಅದು ನ್ಯೂಟನ್ ಹೀತ್ ಬಣ್ಣ, 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದಾಗ ಕ್ಲಬ್ಬಿಗಿದ್ದ ಹೆಸರು. ಆ ನ್ಯೂಟನ್ ಹೀತ್ 1902ರಲ್ಲಿ 2,670 ಪೌಂಡ್ ಸಾಲಕ್ಕೆ ಮುಚ್ಚಿಹೋಗುವ ಹಾಗಾಗಿ, ಜಾನ್ ಹೆನ್ರಿ ಡೇವಿಸ್ ಅನ್ನೋ ಬಿಯರ್ ಉದ್ಯಮಿ ಕೈ ಹಿಡಿದಿದ್ದ. ಅಂದು ಧಣಿ ಬಂದು ಸಾಲ ತೀರಿಸಿದ, 2005ರಲ್ಲಿ ಧಣಿ ಬರುವಾಗಲೇ ಸಾಲ ತಂದ. ಬೇಸತ್ತ ಕೆಲವರು ಅದೇ ವರ್ಷ ಬೇರೆ ಹೋಗಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಟ್ಟಿಕೊಂಡರು. ಅಲ್ಲಿ ಎಷ್ಟೇ ದುಡ್ಡು ಹಾಕಿದರೂ ಒಬ್ಬ ಸದಸ್ಯನಿಗೆ ಒಂದೇ ಮತ.

ಮತ ಅಂದಾಗ ಇನ್ನೊಂದು ವಿಷಯ. 2012ರಲ್ಲಿ ಕ್ಲಬ್ಬನ್ನು ನ್ಯೂಯಾರ್ಕ್ ಷೇರುಪೇಟೆಗೆ ತಂದರು. ಷೇರಿಗೆ 14 ಡಾಲರ್. ಬಂದ ದುಡ್ಡಿನಲ್ಲಿ ಅರ್ಧ ಸಾಲಕ್ಕೆ, ಅರ್ಧ ಕುಟುಂಬಕ್ಕೆ. ಆದರೆ ಜನ ಕೊಂಡದ್ದು ಎ ದರ್ಜೆ ಷೇರು, ಒಂದಕ್ಕೆ ಒಂದು ಮತ. ಗ್ಲೇಜರ್‌ಗಳು ಇಟ್ಟುಕೊಂಡದ್ದು ಬಿ ದರ್ಜೆ, ಒಂದಕ್ಕೆ ಹತ್ತು ಮತ. ಹಾಗಾಗಿ ಇವತ್ತು ನೀವು ಬೆಂಗಳೂರಲ್ಲಿ ಕೂತು ಫೋನಿನಲ್ಲೇ ಯುನೈಟೆಡ್ ಷೇರು ಕೊಳ್ಳಬಹುದು, ಸ್ಟೇಟಸ್‌ಗೆ ಹಾಕೋಕೆ ಚೆನ್ನಾಗಿರುತ್ತೆ, ಅದರಾಚೆ ಸುಮ್ನೆ.

ಗ್ಲೇಜರ್‌ಗಳ ಪರವಾಗಿ ಹೇಳೋರೂ ಇದ್ದಾರೆ, ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಅವರು ಬಂದಾಗ ವರ್ಷದ ಆದಾಯ 160 ಮಿಲಿಯನ್ ಪೌಂಡ್‌ನ ಹತ್ತಿರ ಇತ್ತು, 2024-25ರಲ್ಲಿ 666.5 ಮಿಲಿಯನ್. ಟೈರಿಗೊಬ್ಬ, ನೂಡಲ್ಸ್‌ಗೊಬ್ಬ, ಹಾಸಿಗೆ ದಿಂಬಿಗೊಬ್ಬ ಅಂತ ಪ್ರಾಯೋಜಕರನ್ನು ಹಿಡಿದು ತಂದದ್ದು ಅವರೇ. ಟೈರಿನವರು ನಮ್ಮ ಅಪೊಲೊ. ಅಡಿಡಾಸ್ ಜೊತೆ 2015ರಿಂದ ಹತ್ತು ವರ್ಷಕ್ಕೆ 750 ಮಿಲಿಯನ್ ಪೌಂಡ್‌ನ ಒಪ್ಪಂದ ಆಗ ದಾಖಲೆ. ಆದರೆ ಟಿವಿ ದುಡ್ಡು ಲೀಗಿನ ಎಲ್ಲ ಕ್ಲಬ್ಬಿಗೂ ಏರಿತ್ತು ಅಲ್ವಾ? ಅದರ ಹೆಗ್ಗಳಿಕೆ ಇವರಿಗೆ ಕೊಡೋಕೆ ಆಗಲ್ಲ. ಮತ್ತೆ, ಬಂದದ್ದು ಎಲ್ಲಿಗೆ ಹೋಯಿತು ಅಂತ ನೋಡಬೇಕಿದ್ದರೆ 2024ರ ಮೇ ತಿಂಗಳ ಆರ್ಸೆನಲ್ ಪಂದ್ಯದ ವಿಡಿಯೊ ನೋಡಿ. ಮಳೆ ಬಂದು ಓಲ್ಡ್ ಟ್ರಾಫರ್ಡ್ ಛಾವಣಿಯ ಮೂಲೆಯಿಂದ ಜನ ಕೂರೋ ಜಾಗಕ್ಕೆ ನೀರು ಧೋ ಅಂತ ಸುರಿಯುತ್ತಿತ್ತು. ಬಡ್ಡಿ, ಡಿವಿಡೆಂಡ್, ಶುಲ್ಕ ಎಲ್ಲ ಸೇರಿ ಈ ಒಡೆತನದ ಖರ್ಚು ಒಂದು ಬಿಲಿಯನ್ ಪೌಂಡ್ ದಾಟಿದೆ ಅಂತ ಲೆಕ್ಕ ಹಾಕಿದವರಿದ್ದಾರೆ.

2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಷೇರಿಗೆ 33 ಡಾಲರ್ ಕೊಟ್ಟು ನಾಲ್ಕನೇ ಒಂದು ಭಾಗಕ್ಕೂ ಸ್ವಲ್ಪ ಜಾಸ್ತಿ ಕೊಂಡರು. ಅದರ ಜೊತೆಗೆ 300 ಮಿಲಿಯನ್ ಡಾಲರ್ ನೇರವಾಗಿ ಕ್ಲಬ್ಬಿಗೆ ಹಾಕಿದರು. ಈ ಎರಡನೆಯದು ಮುಖ್ಯ, ಯಾಕಂದರೆ ಮಾಲೀಕರ ಕಡೆಯಿಂದ ಕ್ಲಬ್ಬಿಗೆ ಈ ಗಾತ್ರದ ದುಡ್ಡು ಬಂದದ್ದೇ ಅಪರೂಪ. ತಂಡದ ಉಸ್ತುವಾರಿ ಅವರಿಗೆ ಸಿಕ್ಕಿತು, ಮತದ ಬಹುಪಾಲು ಗ್ಲೇಜರ್‌ಗಳಲ್ಲೇ ಉಳಿಯಿತು. ಆಮೇಲೆ ಶುರುವಾಯಿತು ಕತ್ತರಿ. ಮೊದಲು 250 ಜನರ ಕೆಲಸ ಹೋಯಿತು, ಮುಂದಿನ ವರ್ಷ ಇನ್ನೂ 200ರವರೆಗೆ ತೆಗೆಯುತ್ತೇವೆ ಅಂದರು. ಸೀಸನ್ ಮಧ್ಯದಲ್ಲಿ ಇನ್ನೂ ಮಾರಾಟವಾಗದೆ ಉಳಿದ ಟಿಕೆಟ್‌ಗೆ ಕನಿಷ್ಠ 66 ಪೌಂಡ್ ಮಾಡಿದರು, ಮಕ್ಕಳಿಗೂ ವಯಸ್ಸಾದವರಿಗೂ ರಿಯಾಯಿತಿ ಇಲ್ಲ. ಮೂಲ ಸಾಲ ಮಾತ್ರ 2025ರಲ್ಲೂ 650 ಮಿಲಿಯನ್ ಡಾಲರ್ ಹಾಗೇ ಕೂತಿತ್ತು. ಆಟಗಾರರನ್ನು ಕಂತಿನಲ್ಲಿ ಕೊಂಡು ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಬಾಕಿ ಬೇರೆ.

ಇದು ಯುನೈಟೆಡ್ ಒಂದರದ್ದೇ ಕಥೆ ಅಲ್ಲ. ಇಂಗ್ಲೆಂಡಿನ ಇನ್ನೊಂದು ಕ್ಲಬ್ಬು ಬರ್ನ್‌ಲಿಯನ್ನೂ 2020ರ ಕೊನೆಯಲ್ಲಿ ಹೀಗೇ ಕೊಂಡರು. 2022ರಲ್ಲಿ ತಂಡ ಕೆಳಗಿನ ಲೀಗಿಗೆ ಬಿದ್ದಾಗ ಸಾಲದ ದೊಡ್ಡ ಭಾಗ ತಕ್ಷಣ ಕಟ್ಟಬೇಕಾಗಿ ಬಂತು. ಯುನೈಟೆಡ್ ಬದುಕಿದ್ದು ಅದರ ಆದಾಯ ದೊಡ್ಡದಿತ್ತು ಅಂತ ಅಷ್ಟೇ. ನಮ್ಮ ಕಡೆ ಇದು ಉಲ್ಟಾ. ಬೆಂಗಳೂರು ಎಫ್‌ಸಿ ನಡೆಯೋದು ಒಡೆಯರಾದ ಜೆಎಸ್‌ಡಬ್ಲ್ಯು ಕೈಯಿಂದ ದುಡ್ಡು ಹಾಕಿ. 2025ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಯುತ್ತೋ ಇಲ್ಲವೋ ಅನ್ನೋ ಹಾಗಾದಾಗ ಆಗಸ್ಟ್‌ನಲ್ಲಿ ಆಟಗಾರರ ಸಂಬಳವನ್ನೇ ನಿಲ್ಲಿಸಿದ್ದರು. ಕ್ಲಬ್ಬಿಗೆ ಸ್ವಂತ ಆದಾಯ ಇಲ್ಲದಿದ್ದರೆ ಅದನ್ನು ಅಡ ಇಟ್ಟು ಸಾಲ ಎತ್ತೋಕೂ ಆಗಲ್ಲ ನೋಡಿ.

ಗ್ಲೇಜರ್‌ಗಳು ಪೂರ್ತಿ ಮಾರಿ ಹೋಗ್ತಾರಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ರ‍್ಯಾಟ್‌ಕ್ಲಿಫ್ ಜೊತೆಗಿನ ಒಪ್ಪಂದದಲ್ಲಿ ಒಂದು ಕಲಮು ಇದೆ. ಹದಿನೆಂಟು ತಿಂಗಳು ಕಳೆದ ಮೇಲೆ, ಅಂದರೆ 2025ರ ಆಗಸ್ಟ್ ನಂತರ, ಇಡೀ ಕ್ಲಬ್ಬಿಗೆ ಗಿರಾಕಿ ಸಿಕ್ಕಿದರೆ ಗ್ಲೇಜರ್‌ಗಳು ತಮ್ಮ ಪಾಲಿನ ಜೊತೆ ರ‍್ಯಾಟ್‌ಕ್ಲಿಫ್ ಪಾಲನ್ನೂ ಮಾರುವಂತೆ ಒತ್ತಾಯ ಮಾಡಬಹುದು. ಆ ಗಡುವು ಕಳೆದಿದೆ. 2005ರಲ್ಲಿ ಮಾರಲ್ಲ ಅಂದ ಸಣ್ಣ ಷೇರುದಾರರಿಗೆ ಆದದ್ದು ಇನ್ನು ಬಿಲಿಯನೇರ್‌ಗೂ ಆಗಬಹುದು. ಅವರಿಗೆ ರೇಟು ಮಾತ್ರ ಚೆನ್ನಾಗಿ ಸಿಗುತ್ತೆ.