ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟಿದೆ?

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಚಿಲ್ಲರೆ ಅಂಗಡಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರಿಗೆ ಶುಗರ್ ಇದೆ. ಬೇರೆ ಬಿಸ್ಕತ್ತೆಲ್ಲ ಬಿಟ್ಟು ರಾಗಿ ಬಿಸ್ಕತ್ತು ತಿನ್ನುತ್ತಿದ್ದಾರೆ, ಸರೀನಾ? ಮೊಮ್ಮಗ ದಿನಾ ಒಂದು ಮಾವಿನ ಜ್ಯೂಸ್ ಕೇಳುತ್ತಾನೆ. ಮಾವು ಬೆಳೆಯುವ ಊರಲ್ಲಿದ್ದುಕೊಂಡು ಬೇಡ ಅನ್ನೋದು ಹೇಗೆ? ಇನ್ನೊಂದು ವಿಷಯ. ವಾಟ್ಸಾಪಲ್ಲಿ ನಂಬರುಗಳ ಪಟ್ಟಿ ಬಂದಿದೆ. ಈ ನಂಬರ್ ಇದ್ದರೆ ಹಂದಿ ಕೊಬ್ಬು, ಈ ನಂಬರ್ ಇದ್ದರೆ ವಿಷ ಅಂತ. ನೋಡಿದರೆ ನಮ್ಮ ಅಂಗಡಿಯ ಅರ್ಧ ಸಾಮಾನಿನ ಮೇಲೆ ಆ ನಂಬರುಗಳಿವೆ. ಮಾರೋದಾ, ಬಿಡೋದಾ?"

ಅಮ್ಮಾ, ನಮಸ್ಕಾರ. ಮಾರುವವರೇ ಇಷ್ಟು ಯೋಚನೆ ಮಾಡಿ ಕಾಗದ ಬರೆದಿದ್ದೀರಿ. ಅದಕ್ಕೇ ಉತ್ತರವನ್ನು ನಾಲ್ಕು ಸಾಲಿಗೆ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ಯಜಮಾನರ ಬಿಸ್ಕತ್ತು. ನಿಮ್ಮ ಕಾಗದ ಓದಿ ನಮ್ಮ ಕಚೇರಿ ಹುಡುಗನಿಂದ ಒಂದು ಪ್ಯಾಕೆಟ್ ರಾಗಿ ಬಿಸ್ಕತ್ತು ತರಿಸಿದೆ. ಮುಂದುಗಡೆ ರಾಗಿ ತೆನೆಯ ಚಿತ್ರ, ಹೊಲ, ಮೇಲೆ ದೊಡ್ಡ ಅಕ್ಷರದಲ್ಲಿ 'ರಾಗಿ'. ಹಿಂದೆ ತಿರುಗಿಸಿದರೆ ಹೊಳೆಯುವ ಕವರಿನ ಮೇಲೆ ಇರುವೆ ಸಾಲಿನಂಥ ಅಕ್ಷರ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ನೀವೂ ಹಾಗೇ ಮಾಡಿ, ಕನ್ನಡಕಕ್ಕಿಂತ ವಾಸಿ. ಅಲ್ಲಿ ಬರೆದಿದ್ದು ಇಷ್ಟು: ಮೈದಾ, ಸಕ್ಕರೆ, ಪಾಮ್ ಎಣ್ಣೆ, ರಾಗಿ ಹಿಟ್ಟು (11%), ಇನ್ವರ್ಟ್ ಸಿರಪ್, ಹಾಲಿನ ಪುಡಿ, ಉಪ್ಪು, ಆಮೇಲೆ ಒಂದಷ್ಟು ನಂಬರು.

ಈ ಹೆಸರುಗಳನ್ನು ಯಾರೋ ಸುಮ್ನೆ ಬಾಯಿಗೆ ಬಂದ ಹಾಗೆ ಜೋಡಿಸಿಲ್ಲ. ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಇದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮ. ಹಾಗಾಗಿ ಈ ಪ್ಯಾಕೆಟ್ಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಮೈದಾ. ಸಕ್ಕರೆ, ಪಾಮ್ ಎಣ್ಣೆ ಎರಡೂ ರಾಗಿಗಿಂತ ಮೇಲಿವೆ. ಆವರಣದಲ್ಲಿರುವ ಆ 11% ಕೂಡ ಕಂಪನಿಯವರು ಪ್ರೀತಿಯಿಂದ ಹೇಳಿದ್ದಲ್ಲ. ಹೆಸರಿನಿಂದಲೋ ಚಿತ್ರದಿಂದಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಅಂತ ಬರೆಯಲೇಬೇಕು. ಬಾದಾಮಿ, ಓಟ್ಸ್, ಜೇನು, ಎಲ್ಲಕ್ಕೂ ಇದೇ ನಿಯಮ. ಮುಂದೆ ಬಾದಾಮಿ ರಾಶಿಯ ಚಿತ್ರ ಕಂಡರೆ ಹಿಂದೆ ಆ ಅಂಕಿ ಹುಡುಕಿ, ಒಮ್ಮೊಮ್ಮೆ ನಗು ಬರುತ್ತದೆ.

100 ಗ್ರಾಂ ಬಿಸ್ಕತ್ತಿನಲ್ಲಿ 11 ಗ್ರಾಂ ರಾಗಿ ಅಂದರೆ ಒಂದು ದೊಡ್ಡ ಚಮಚ ಹಿಟ್ಟು. ಕೋಲಾರದ ಕಡೆಯವರಿಗೆ ಅದನ್ನು ರಾಗಿ ಅಂತ ತೋರಿಸೋಕೆ ಧೈರ್ಯ ಬೇಕು.

ಇನ್ನು ಶುಗರ್ ವಿಷಯ. ಪಟ್ಟಿಯಲ್ಲಿ ಸಕ್ಕರೆ ಒಂದೇ ಹೆಸರಿನಲ್ಲಿ ಇರುವುದಿಲ್ಲ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್ಟ್ರೋಸ್, ಜೇನು, ಬೆಲ್ಲ, ಎಲ್ಲ ಒಂದೇ ಮನೆಯವರು. ಮೂರು ಹೆಸರಲ್ಲಿ ಹಂಚಿ ಹಾಕಿದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಮೇಲ್ನೋಟಕ್ಕೆ ಸಕ್ಕರೆ ಕಡಿಮೆ ಅನ್ನಿಸುತ್ತದೆ. ಹಾಗಾಗಿ ಪಕ್ಕದಲ್ಲಿರುವ ಪೋಷಕಾಂಶದ ಕೋಷ್ಟಕವನ್ನೂ ನೋಡಿ. ನಾನು ತರಿಸಿದ ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ 24 ಗ್ರಾಂ ಸಕ್ಕರೆ ಇದೆ. ಒಂದು ಬಿಸ್ಕತ್ತು 8 ಗ್ರಾಂ. ಬೆಳಿಗ್ಗೆ ಟೀ ಜೊತೆ ಐದು ತಿಂದರೆ 40 ಗ್ರಾಂ ಬಿಸ್ಕತ್ತು, ಅದರಲ್ಲಿ ಸಕ್ಕರೆ ಹತ್ತಿರ ಹತ್ತಿರ 10 ಗ್ರಾಂ. ಅಂದರೆ ಎರಡು ಚಮಚ. ಯಜಮಾನರು ಟೀಗೆ ಸಕ್ಕರೆ ಬಿಟ್ಟಿದ್ದಾರೆ ಅಂತಲೂ ಬರೆದಿದ್ದೀರಿ. ಬಿಟ್ಟ ಸಕ್ಕರೆ ಬಿಸ್ಕತ್ತಿನ ದಾರಿಯಲ್ಲಿ ವಾಪಸ್ ಬಂತು, ಅಲ್ವಾ?

ಅಷ್ಟಕ್ಕೇ ನಿಲ್ಲಬೇಡಿ. ಸಕ್ಕರೆ ಸಾಲಿನ ಮೇಲೆ ಕಾರ್ಬೋಹೈಡ್ರೇಟ್ ಅಂತ ಇನ್ನೊಂದು ಸಾಲಿರುತ್ತದೆ. ಶುಗರ್ ಇರುವವರು ಅದನ್ನು ಬಿಡುವ ಹಾಗಿಲ್ಲ. ಮೈದಾ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗುತ್ತದೆ. 'ಸಕ್ಕರೆ ಸೇರಿಸಿಲ್ಲ' ಅಂತ ಬರೆದ ಬಿಸ್ಕತ್ತಿಗೂ ಇದೇ ಮಾತು. ಹಾಗೆ ನೋಡಿದರೆ ರಾಗಿಯೂ ಶುಗರ್‌ಗೆ ಔಷಧಿ ಏನಲ್ಲ. ಅದರಲ್ಲೂ 100 ಗ್ರಾಂಗೆ 70 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ. ಆದರೆ ನಾರು ಇದೆ, ಕ್ಯಾಲ್ಸಿಯಂ ಅಕ್ಕಿ ಗೋಧಿಗಿಂತ ಎಷ್ಟೋ ಜಾಸ್ತಿ. ಮನೆಯಲ್ಲಿ ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಪಲ್ಯ ತಿನ್ನುವವರಿಗೆ ರಾಗಿ ಬಿಸ್ಕತ್ತು ಬೇಕಿಲ್ಲ. ಆಸೆಗೆ ಒಂದು ತಿಂದರೆ ತಿನ್ನಲಿ, ಅದನ್ನು ಪಥ್ಯ ಅಂದುಕೊಳ್ಳುವುದು ಬೇಡ. ಎಷ್ಟು ತಿನ್ನಬಹುದು ಅನ್ನೋದನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಲಿ.

ಮೊಮ್ಮಗನ ಮಾವಿನ ಜ್ಯೂಸು. ನಿಮ್ಮ ಊರಿನ ತೋತಾಪುರಿ ಲೋಡುಗಟ್ಟಲೆ ಪಲ್ಪ್ ಫ್ಯಾಕ್ಟರಿಗೆ ಹೋಗುವುದನ್ನು ನೋಡಿದ ನಿಮಗೆ ಬಾಟಲಿಯೊಳಗೆ ಏನಿದೆ ಅಂತ ನಾನು ಹೇಳುವುದು ಹೆಚ್ಚಾಯಿತೇನೋ. ಆದರೂ ಓದಿ ನೋಡಿ. ಮೊದಲ ಹೆಸರು ನೀರು. ಆಮೇಲೆ ಮಾವಿನ ಪಲ್ಪ್, ಸಕ್ಕರೆ. ಕೆಲವದರಲ್ಲಿ ಸಕ್ಕರೆಯೇ ಮುಂದೆ. ಅಂಗಡಿಯಲ್ಲಿ ನಾವೆಲ್ಲ ಜ್ಯೂಸ್ ಅಂತ ಕೇಳಿ ತಗೊಳ್ಳುತ್ತೇವೆ. ಬಾಟಲಿ ಮೇಲೆ ಹೆಚ್ಚಾಗಿ ಇರುವುದು 'ಫ್ರೂಟ್ ಡ್ರಿಂಕ್' ಅಂತ. ಹಾಗೆ ಮಾರಲು ಹಣ್ಣಿನ ಅಂಶ 10% ಇದ್ದರೆ ಕಾನೂನಿಗೆ ಸಾಕು. 10 ಕೆಜಿ ಪಾನೀಯಕ್ಕೆ 1 ಕೆಜಿ ಹಣ್ಣು. ತೋಟದಲ್ಲಿ ಬೆಲೆ ಸಿಗದೆ ಸುರಿದ ವರ್ಷಗಳಲ್ಲೂ ಬಾಟಲಿಯಲ್ಲಿ ಹಣ್ಣು ಜಾಸ್ತಿಯಾಗಿದ್ದನ್ನು ನಾನಂತೂ ಕಾಣಲಿಲ್ಲ.

100 ಮಿ.ಲೀ.ಗೆ ಸೇರಿಸಿದ ಸಕ್ಕರೆ 12 ಗ್ರಾಂ ಅಂತ ಇದ್ದರೆ 200 ಮಿ.ಲೀ. ಪ್ಯಾಕಿನಲ್ಲಿ 24 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ದೊಡ್ಡವರಿಗೆ ಲೇಬಲ್ ಲೆಕ್ಕದಲ್ಲಿ ಹಿಡಿಯುವ ಮಿತಿಯೇ 50 ಗ್ರಾಂ. ಮಗು ಒಂದೇ ಗುಟುಕಿಗೆ ಅದರ ಅರ್ಧ ಮುಗಿಸುತ್ತದೆ. ಇಲ್ಲಿ ಒಂದು ಜಾಣತನ ಗಮನಿಸಿ. ಕೋಷ್ಟಕ 100 ಮಿ.ಲೀ.ಗೆ ಇರುತ್ತದೆ, ಕುಡಿಯುವುದು 200 ಮಿ.ಲೀ. ಗುಣಿಸುವ ಕೆಲಸ ನಮ್ಮದು. ಬೇಸಿಗೆಯಲ್ಲಿ ಒಂದು ಹಣ್ಣು ಕುಯ್ದು ಕೈಗೆ ಕೊಡಿ. ನಿಮ್ಮೂರಲ್ಲಿ ಅದಕ್ಕೇನು ಬರವಿಲ್ಲ.

ಈಗ ಆ ನಂಬರುಗಳು. ನನಗೂ ಆ ಪಟ್ಟಿ ಬಂದಿದೆ, ಪ್ರತಿ ವರ್ಷ ಹೊಸ ವೇಷದಲ್ಲಿ ಬರುತ್ತದೆ. ಪ್ಯಾಕೆಟ್ ಮೇಲಿನ ಆ ನಂಬರಿಗೆ ಐಎನ್‌ಎಸ್ ಅಂತಾರೆ. ಬಣ್ಣ, ಹುಳಿ, ಕೆಡದಂತೆ ಇಡುವ ಪದಾರ್ಥ, ಇಂಥ ಸೇರ್ಪಡೆಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ ಅದು. ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. 500 ಅಂದರೆ ನೀವು ಬೋಂಡಾ ಹಿಟ್ಟಿಗೆ ಹಾಕುವ ಅಡಿಗೆ ಸೋಡಾ. 330 ನಿಂಬೆಯಲ್ಲಿರುವ ಹುಳಿ, ಸಿಟ್ರಿಕ್ ಆಮ್ಲ. 300 ವಿಟಮಿನ್ ಸಿ. 100 ಅಂದರೆ ಅರಿಶಿನದ ಬಣ್ಣ! ವಾಟ್ಸಾಪಿನ ಪಟ್ಟಿಯಲ್ಲಿ ಇದ್ದರೂ ಇರಬಹುದು, ಯಾರು ಕಂಡರು.

ಹಂದಿ ಕೊಬ್ಬಿನ ಮಾತಿಗೆ 471 ಅನ್ನೇ ಉದಾಹರಣೆಗೆ ತಗೊಳ್ಳಿ. ಅದು ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ, ಕೊಬ್ಬಿನಿಂದ ಮಾಡುತ್ತಾರೆ. ಆ ಕೊಬ್ಬು ಪ್ರಾಣಿಯದೂ ಆಗಬಹುದು, ಗಿಡದ ಎಣ್ಣೆಯೂ ಆಗಬಹುದು. ನಂಬರ್ ನೋಡಿ ಅದನ್ನು ಹೇಳಲಾಗುವುದಿಲ್ಲ. ಅದಕ್ಕೆ ಬೇರೆ ಗುರುತಿದೆ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಹಸಿರು ಚುಕ್ಕೆ ಹಾಕಿ ಒಳಗೆ ಪ್ರಾಣಿ ಕೊಬ್ಬು ಬಳಸಿದರೆ ಅದು ಕಾನೂನಿನ ಪ್ರಕಾರ ಅಪರಾಧ. ಗಿರಾಕಿ ಕೇಳಿದರೆ ಆ ಚುಕ್ಕೆ ತೋರಿಸಿ.

ಹಾಗಂತ ಎಲ್ಲ ನಂಬರೂ ಒಂದೇ ಅಂತಲೂ ನಾನು ಹೇಳುವುದಿಲ್ಲ. 102, 110, 122, 124 ಕೃತಕ ಬಣ್ಣಗಳು. ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಆಗಬಹುದು ಅಂತ ಯುರೋಪಿನಲ್ಲಿ 2010ರಿಂದ ಇಂಥ ಬಣ್ಣಗಳಿರುವ ತಿಂಡಿ ಮೇಲೆ ಎಚ್ಚರಿಕೆ ಹಾಕಬೇಕು. ನಮ್ಮಲ್ಲಿ ಮಿತಿಯೊಳಗೆ ಬಳಸಲು ಅನುಮತಿ ಇದೆ. ಒಂದು ರೂಪಾಯಿ ಮಿಠಾಯಿಯಲ್ಲಿ ಜಾಸ್ತಿ ಕಾಣುವುದು ಇವೇ. 220ರಿಂದ 224ರವರೆಗಿನ, ಆಹಾರ ಕೆಡದಂತೆ ಹಾಕುವ ಸಲ್ಫೈಟು ಅಸ್ತಮಾ ಇರುವ ಕೆಲವರಿಗೆ ಆಗುವುದಿಲ್ಲ. ಬ್ರೆಡ್ಡಿಗೆ ಹಾಕುತ್ತಿದ್ದ 924, ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ದೇಶದಲ್ಲೇ ನಿಷೇಧಿಸಿದರು.

ನನ್ನ ಜಗಳ ಇರುವುದು ಬೇರೆ ಕಡೆ. ಆ ವಾಟ್ಸಾಪ್ ಪಟ್ಟಿ ನಮ್ಮ ಕಣ್ಣನ್ನು ಸಾಲಿನ ಕೊನೆಗೆ, ಚಿಟಿಕೆಯಷ್ಟು ಇರುವ ಪದಾರ್ಥಗಳ ಕಡೆಗೆ ಎಳೆಯುತ್ತದೆ. ಬಿಪಿ, ಶುಗರ್ ಜಾಸ್ತಿ ಮಾಡುವವರು ಸಾಲಿನ ಮುಂದೆಯೇ ರಾಜಾರೋಷವಾಗಿ ಕೂತಿರುತ್ತಾರೆ. ಉಪ್ಪನ್ನೇ ನೋಡಿ. ಲೇಬಲ್ಲಿನಲ್ಲಿ ಉಪ್ಪಿನ ಬದಲು ಸೋಡಿಯಂ ಲೆಕ್ಕ ಕೊಡುತ್ತಾರೆ, ಅದೂ ಮಿಲಿಗ್ರಾಂನಲ್ಲಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಒಂದು ಟೀ ಚಮಚ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಇರುವ ಖಾರಾ ಮಿಕ್ಸ್ಚರ್ 100 ಗ್ರಾಂನ ಒಂದು ಪ್ಯಾಕೆಟ್ ಖಾಲಿ ಮಾಡಿದರೆ ಅರ್ಧ ದಿನದ ಉಪ್ಪು ಅಲ್ಲಿಗೇ ಮುಗಿಯಿತು. ಮಧ್ಯಾಹ್ನದ ಸಾರು, ಉಪ್ಪಿನಕಾಯಿ ಇನ್ನೂ ಬಾಕಿ.

ಮಾರೋದಾ ಬಿಡೋದಾ ಅಂದಿರಿ. ಮಾರಿ ಅಮ್ಮಾ, ಅಂಗಡಿ ನಡೆಯಬೇಕಲ್ಲ. ನೀವು ಬಿಟ್ಟರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಶುಗರ್ ಇರುವವರು ರಾಗಿ ಬಿಸ್ಕತ್ತು ಕೇಳಿದಾಗ ಹಿಂದುಗಡೆ ತಿರುಗಿಸಿ ಕೊಡಿ, ಸಾಕು. ನಿಗಾ ಇಡಬೇಕಾದದ್ದು ಬೇರೆ ಇದೆ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ದಿನಾಂಕ ದಾಟಿದ ಸಾಮಾನು ಒಂದು ದಿನವೂ ಅಂಗಡಿಯಲ್ಲಿ ಇರುವುದು ಬೇಡ. ಅಂಗಡಿಗೆ ಬರುವ ನಿಪ್ಪಟ್ಟು, ಕೋಡುಬಳೆ ಕವರುಗಳನ್ನೂ ನೋಡಿ. ಬರೀ ಪಿನ್ ಹೊಡೆದ ಕವರು, ಹೆಸರಿಲ್ಲ, ತಯಾರಾದ ದಿನ ಇಲ್ಲ ಅಂದರೆ ತಂದುಕೊಟ್ಟವರನ್ನು ಕೇಳಿ. ಮನೆಯಲ್ಲೇ ಮಾಡಿದರೂ ಮಾರುವವರಿಗೆ ನೋಂದಣಿ ಬೇಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಆ ನಂಬರ್ ನಿಜವೋ ಅಲ್ಲವೋ ಅಂತ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪಿನಲ್ಲಿ ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು.

'ನಮಗೆ ಓದೋಕೆ ಬರುವ ಭಾಷೆಯಲ್ಲಿ ಯಾಕೆ ಬರೆಯಲ್ಲ' ಅಂತ ಕಾಗದದ ಕೊನೆಯಲ್ಲಿ ಕೇಳಿದ್ದೀರಿ. ನಿಯಮ ಇರುವುದೇ ಹಾಗೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಬೇರೆ ಭಾಷೆಯಲ್ಲಿ ಹಾಕಿದರೆ ಹಾಕಬಹುದು. ಕಡ್ಡಾಯ ಅಲ್ಲ ಅಂದ ಮೇಲೆ ಯಾರು ಹಾಕುತ್ತಾರೆ? ನಿಮ್ಮ ಅಂಗಡಿ ಶಟರಿನ ಮೇಲೆ ಬಳಿಯುವ ಜಾಹೀರಾತಿಗೆ ಮಾತ್ರ ಅವರಿಗೆ ಚೆನ್ನಾಗಿ ಕನ್ನಡ ಬರುತ್ತದೆ. ಪ್ರತಿ ಪ್ಯಾಕೆಟ್ ಮೇಲೆ ಗ್ರಾಹಕರು ದೂರು ಹೇಳಲು ಒಂದು ಫೋನ್ ನಂಬರ್ ಕೊಟ್ಟಿರಬೇಕು. ಪದಾರ್ಥಗಳ ಪಟ್ಟಿ ಕನ್ನಡದಲ್ಲಿ ಯಾಕಿಲ್ಲ ಅಂತ ಅದಕ್ಕೆ ಫೋನ್ ಮಾಡಿ ಕೇಳಿ, ಕನ್ನಡದಲ್ಲೇ ಕೇಳಿ. ಏನು ಜವಾಬು ಕೊಟ್ಟರು ಅಂತ ಇನ್ನೊಂದು ಕಾಗದ ಹಾಕಿ, ಪತ್ರಿಕೆಯಲ್ಲಿ ಹಾಕೋಣ.

— ಸಂಪಾದಕ