ಅಕ್ಕನ್ನ ಕೇಳಿ: ಕೊತ್ತಂಬರಿ ಸೊಪ್ಪು ಮರೆತವರು

ಹೋದ ಸಂಚಿಕೆಯಲ್ಲಿ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನ ಬಗ್ಗೆ ಸುಮ್ನೆ ಒಂದು ಮಾತು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ. ಅತ್ತೆ ಸೊಸೆ ಜಗಳದವರು ದಯವಿಟ್ಟು ಮುಂದಿನ ಸಂಚಿಕೆಯ ತನಕ ಕಾಯಿರಿ. ನೀವೂ ಕ್ಯೂನಲ್ಲಿದ್ದೀರಿ.

ಅಕ್ಕಾ, ತಿಂಗಳ ಮೊದಲ ಶನಿವಾರ ಸಂಜೆ. ಮೂರು ಕೌಂಟರಿನಲ್ಲಿ ಒಂದೇ ತೆರೆದಿತ್ತು. ನನ್ನ ಮುಂದಿದ್ದ ಹೆಂಗಸಿನ ಟ್ರಾಲಿ ತುಂಬ ಸಾಮಾನು. ಬಿಲ್ ಹಾಕಿ ಮುಗಿಯೋ ಹೊತ್ತಿಗೆ 'ಅಯ್ಯೋ, ಕೊತ್ತಂಬರಿ ಸೊಪ್ಪು ಮರೆತೆ, ಒಂದೇ ನಿಮಿಷ' ಅಂತ ಹೋದರು. ವಾಪಸ್ ಬಂದಾಗ ಕೈಯಲ್ಲಿ ಸೊಪ್ಪಿನ ಜೊತೆ ಎರಡು ಬಿಸ್ಕತ್ ಪ್ಯಾಕೆಟ್. ಆಮೇಲೆ ಬ್ಯಾಗಿನಲ್ಲಿ ಫೋನ್ ಹುಡುಕಾಟ. ಪಿನ್ ಎರಡು ಸಲ ತಪ್ಪು. ಗಂಡನಿಗೆ ಫೋನ್. ನಾನು ತಡೆಯಲಾರದೆ 'ಇದನ್ನೆಲ್ಲ ಮನೇಲೇ ನೆನಪು ಮಾಡ್ಕೊಂಡು ಬರಬಾರದಾ' ಅಂದುಬಿಟ್ಟೆ. ಮನೆ ಮುಟ್ಟುವ ತನಕ ನನ್ನ ಮಗಳು 'ಅಮ್ಮಾ, ಮಾನ ಕಳೀತೀಯ' ಅಂತ ಬೈದಳು. ನಂದು ತಪ್ಪಾ?
— ಸಾಲಿನಲ್ಲಿ ಬೆಂದವಳು, ಮೈಸೂರು

ಅರ್ಧ ತಪ್ಪು. ಸಿಟ್ಟು ಸರಿ, ಆದರೆ ಮಾತು ಬಂದ ಹೊತ್ತು ಸರಿಯಿಲ್ಲ. ಗಂಡನಿಗೆ ಫೋನ್ ಹಚ್ಚೋ ಹೊತ್ತಿಗೆ ಆಕೆಯ ಮಾನ ಆಗಲೇ ಮುಕ್ಕಾಲು ಹೋಗಿರುತ್ತೆ. ಹಿಂದಿನಿಂದ ಒಂದು ಚುಚ್ಚು ಮಾತು ಬಿದ್ದರೆ ಮೂರನೇ ಸಲವೂ ಪಿನ್ ತಪ್ಪೇ ಬೀಳುತ್ತೆ, ಮೂರು ಸಲ ತಪ್ಪಿದರೆ ಹೆಚ್ಚಿನ ಬ್ಯಾಂಕುಗಳು ಅವತ್ತಿನ ಮಟ್ಟಿಗೆ ಬಾಗಿಲು ಹಾಕಿಬಿಡುತ್ತವೆ, ನಷ್ಟ ಯಾರಿಗೆ? ನಿಮಗೇ. ಹೇಳುವುದಿದ್ದರೆ ಆಕೆ ಕೊತ್ತಂಬರಿಗೆ ಹೊರಟಾಗಲೇ ಹೇಳಬೇಕಿತ್ತು. ಅದೂ ಆಕೆಗಲ್ಲ, ಕೌಂಟರಿನ ಹುಡುಗಿಗೆ. 'ಆ ಬಿಲ್ ಹೋಲ್ಡ್ ಮಾಡಿ ನಂದು ಹಾಕಮ್ಮಾ' ಅಂತ. ಈಗಿನ ಬಿಲ್ಲಿಂಗ್ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಹೋಲ್ಡ್ ಅನ್ನೋದು ಇದ್ದೇ ಇರುತ್ತೆ. ಅರ್ಧ ಆದ ಬಿಲ್ಲನ್ನು ಬದಿಗಿಟ್ಟು ಇನ್ನೊಬ್ಬರದು ಮುಗಿಸಿ ಮತ್ತೆ ಅದನ್ನೇ ತೆಗೆಯಬಹುದು. ಗಿರಾಕಿ ಕೇಳದಿದ್ದರೆ ಹುಡುಗಿಯರು ತಾವಾಗಿ ಮಾಡಲ್ಲ, ಯಾಕೆಂದರೆ ಸೊಪ್ಪಿನವರು ವಾಪಸ್ ಬಂದು ನನ್ನ ಬಿಲ್ ಎಲ್ಲಿ ಅಂತ ಜಗಳ ತೆಗೀತಾರೆ.

ನಾನು ಈ ಅಂಕಣ ಬರೆಯೋಕೆ ಮುಂಚೆ ಒಂಬತ್ತು ವರ್ಷ ಒಂದು ಸಹಕಾರಿ ಅಂಗಡಿಯ ಕ್ಯಾಶಿನಲ್ಲಿ ಕೂತವಳು. ಸ್ಕ್ಯಾನರ್ ಇರಲಿಲ್ಲ. ಬೆಲೆ ಎಲ್ಲ ಬಾಯಿಪಾಠ. ಆಗ ಕಂಡದ್ದು ಈಗಲೂ ನಿಜ: ನಿಧಾನದವರಿಂದ ಸಾಲು ಅಷ್ಟೇನೂ ನಿಲ್ಲಲ್ಲ, ಏನಾದರೂ ಸಿಕ್ಕಿಕೊಂಡಾಗ ನಿಲ್ಲುತ್ತೆ. ತೂಕ ಹಾಕಿಸದ ತರಕಾರಿಯನ್ನೇ ನೋಡಿ. ಅರ್ಧ ಕೆಜಿ ಬದನೆಕಾಯಿ ಕವರಿಗೆ ಹಾಕಿ ಗಂಟು ಬಿಗಿದು ತಂದಿರುತ್ತಾರೆ, ಸ್ಟಿಕ್ಕರ್ ಇಲ್ಲ. ಹುಡುಗಿ ಕವರ್ ಎತ್ತಿ ಹಿಡಿದು ತರಕಾರಿ ಕಡೆಗೆ ಕೂಗುತ್ತಾಳೆ. ಅಲ್ಲಿ ತಕ್ಕಡಿ ಹತ್ತಿರ ನಾಲ್ಕು ಜನ ನಿಂತಿರುತ್ತಾರೆ. ಒಬ್ಬ ಹುಡುಗ ಬಂದು ಒಯ್ದು, ಗಂಟು ಬಿಚ್ಚಿ, ಗುಂಡು ಬದನೆಯೋ ಉದ್ದ ಬದನೆಯೋ ನೋಡಿ, ಸ್ಟಿಕ್ಕರ್ ಅಂಟಿಸಿ ತರುವಷ್ಟರಲ್ಲಿ ನಿಮ್ಮ ಕೈಯಲ್ಲಿರೋ ಮೊಸರು ಬಿಸಿ ಆಗಿರುತ್ತೆ. ಇನ್ನೊಂದು, ಬಿಲ್ಲಾದ ಮೇಲೆ 'ಈ ಶಾಂಪೂ ಬೇಡ, ತೆಗೆದುಬಿಡಿ' ಅನ್ನೋದು. ಹಾಕೋದು ಹುಡುಗಿಯ ಕೈಲಿದೆ. ತೆಗೆಯೋಕೆ ಎಷ್ಟೋ ಕಡೆ ಸೂಪರ್‌ವೈಸರ್ ಪಾಸ್‌ವರ್ಡ್ ಬೇಕು, ಆತ ಹಿಂದೆ ಗೋಡೌನಿನಲ್ಲಿ ಅಕ್ಕಿ ಮೂಟೆ ಎಣಿಸುತ್ತಿರುತ್ತಾನೆ.

ಅಂದಹಾಗೆ, ಸಂಬಳ ಆದ ಶನಿವಾರ ಮೂರರಲ್ಲಿ ಎರಡು ಕೌಂಟರ್ ಮುಚ್ಚಿದ್ದ ಮ್ಯಾನೇಜರಿಗೆ ನೀವು ಏನಂದಿರಿ? ಏನೂ ಇಲ್ಲ ಅಲ್ವಾ. ಆ ಹೆಂಗಸಿನಿಂದ ನಿಮಗೆ ಹೋಗಿದ್ದು ನಾಲ್ಕೈದು ನಿಮಿಷ. ಉಳಿದದ್ದು ಆತನ ಲೆಕ್ಕಕ್ಕೆ ಬರೆಯಿರಿ.

ಅಕ್ಕಾರ, ಕೈಯಾಗ ಬರೇ ಒಂದು ಹಾಲಿನ ಪಾಕೀಟ ಇತ್ತು. ಮುಂದಿನವರನ್ನ ಕೇಳಿದೆ, 'ಹೋಗ್ರಿ' ಅಂದ್ರು. ಆದ್ರ ಹಿಂದ ನಿಂತವ್ರು ಜಗಳಕ್ಕ ಬಂದ್ರು. ಅವರಿಗೇನ್ರೀ ಸಂಬಂಧ?
— ಹುಬ್ಬಳ್ಳಿ ಓದುಗರು

ಸಂಬಂಧ ಇದೆ ಸ್ವಾಮಿ. ಮುಂದಿನವರು ಬಿಟ್ಟಿದ್ದು ತಮ್ಮ ಜಾಗ ಒಂದೇ ಅಲ್ಲ, ಹಿಂದಿನ ಐದು ಜನರ ಒಂದೊಂದು ನಿಮಿಷವನ್ನೂ ಅವರೇ ದಾನ ಮಾಡಿಬಿಟ್ಟರು. ಇಬ್ಬರನ್ನೂ ಕೇಳಿ, ಮುಂದಿನವರನ್ನ ಬಾಯಲ್ಲಿ, ಹಿಂದಿನವರನ್ನ ಕಣ್ಣಲ್ಲಿ. ಯಾರೂ ಬೇಡ ಅನ್ನಲ್ಲ. ಇನ್ನು ಬರೀ ಹಾಲಿಗೆ ಸೂಪರ್ ಮಾರ್ಕೆಟ್ ಯಾಕೆ, ಬೀದಿ ಮೂಲೆಯ ಹಾಲಿನ ಬೂತು ಏನಾಯ್ತು?

ನನ್ನ ಗಂಡ ಅಂಗಡಿಗೆ ಕಾಲಿಟ್ಟ ತಕ್ಷಣ ಖಾಲಿ ಟ್ರಾಲಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಓಡಾಡಿ ಒಂದೊಂದೇ ತಂದು ತುಂಬಬೇಕು. ಇದು ಬುದ್ಧಿವಂತಿಕೆ ಅಂತ ಅವರ ವಾದ. ನನಗೆ ನಾಚಿಕೆ.
— ಓಡಾಡಿ ಸುಸ್ತಾದವಳು, ದಾವಣಗೆರೆ

ನಿಮ್ಮವರಿಗೆ ಸೀಮೆಎಣ್ಣೆ ಕ್ಯೂ ನೆನಪಿರಬೇಕು. ನ್ಯಾಯಬೆಲೆ ಅಂಗಡಿ ಮುಂದೆ ಬೆಳಗಿನ ಜಾವವೇ ಡಬ್ಬಿ ಸಾಲಾಗಿ ಇಟ್ಟು, ಡಬ್ಬಿ ಇಲ್ಲದವರು ಕಲ್ಲಿಟ್ಟು, ಮನೆಗೆ ಹೋಗಿ ತಿಂಡಿ ತಿಂದು ಬರುತ್ತಿದ್ದೆವು. ಕಲ್ಲಿಗೂ ಮರ್ಯಾದೆ ಇತ್ತು ಆಗ, ಯಾರೂ ಸರಿಸುತ್ತಿರಲಿಲ್ಲ. ಆದರೆ ಅಲ್ಲಿ ಎಲ್ಲರೂ ಕಾದಿದ್ದು ಒಂದೇ ಸಾಮಾನಿಗೆ, ಅಂಗಡಿಯವನು ಬಂದು ಬೀಗ ತೆಗೆಯುವ ತನಕ ಯಾರಿಗೂ ನಷ್ಟ ಇರಲಿಲ್ಲ. ಇಲ್ಲಿ ಹಿಂದಿನವರು ನಿಮ್ಮವರ ಖಾಲಿ ಟ್ರಾಲಿ ನೋಡಿ 'ಇದು ಬೇಗ ಆಗುತ್ತೆ' ಅಂತ ಆ ಸಾಲಿಗೆ ಸೇರಿರುತ್ತಾರೆ. ಆಮೇಲೆ ನೀವು ಹತ್ತು ಕೆಜಿ ಅಕ್ಕಿ ತಂದು ಹಾಕಿದರೆ ಅದು ಮೋಸ. ಸರದಿ ಬಂದಾಗ ಟ್ರಾಲಿ ತುಂಬಿರಲಿಲ್ಲವಾದರೆ ಪಕ್ಕಕ್ಕೆ ಸರಿಯಲಿ. ಮುಂದಿನ ಸಲ ಪಟ್ಟಿಯನ್ನು ಅವರ ಕೈಗೆ ಕೊಟ್ಟು ಟ್ರಾಲಿ ನೀವು ಹಿಡಿಯಿರಿ.

ಮೇಡಂ, ನನಗೆ 74. ಕೈ ಸ್ವಲ್ಪ ನಡುಗುತ್ತೆ. ಫೋನಿನಲ್ಲಿ ದುಡ್ಡು ಕೊಡೋದು ಗೊತ್ತಿಲ್ಲ, ಕಲಿಯೋ ಆಸೆಯೂ ಇಲ್ಲ. ನೋಟು, ಚಿಲ್ಲರೆ ಎಣಿಸಿ ಕೊಡೋವಾಗ ಹಿಂದೆ ನಿಂತ ಹುಡುಗರು ಉಸ್ಸಪ್ಪಾ ಅಂತಾರೆ. ಅಂಗಡಿಗೆ ಹೋಗೋದೇ ಬಿಟ್ಟಿದ್ದೀನಿ. ಮಗ ಆನ್‌ಲೈನ್ ತರಿಸಿಕೊಡ್ತಾನೆ. ಆದರೆ ನನಗೆ ಹೋಗಬೇಕು ಅನ್ಸುತ್ತೆ.
— ಒಬ್ಬ ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಮೇಷ್ಟ್ರೇ, ಈ ರಾಶಿಯಲ್ಲಿ ನಾನು ಎರಡು ಸಲ ಓದಿದ ಪತ್ರ ನಿಮ್ಮದೊಂದೇ.

ನೆದರ್ಲೆಂಡ್ಸಿನಲ್ಲಿ ಜಂಬೊ ಅನ್ನೋ ಸೂಪರ್ ಮಾರ್ಕೆಟ್ಟಿನವರು 2019ರಲ್ಲಿ ಫ್ಲೈಮೆನ್ ಅನ್ನೋ ಊರಲ್ಲಿ ಬೇಕಂತಲೇ ನಿಧಾನ ಇರುವ ಕೌಂಟರ್ ಒಂದನ್ನು ಶುರು ಮಾಡಿದರು. ಅದಕ್ಕೆ ಅವರ ಭಾಷೆಯಲ್ಲಿ ಇಟ್ಟ ಹೆಸರು ಹರಟೆ ಕೌಂಟರ್ ಅಂತ. ಅವಸರ ಇಲ್ಲದವರು, ಮುಖ್ಯವಾಗಿ ಒಂಟಿಯಾಗಿರೋ ವಯಸ್ಸಾದವರು, ಅಲ್ಲಿ ನಿಂತು ಕ್ಯಾಶಿನವರ ಜೊತೆ ನಾಲ್ಕು ಮಾತಾಡಿ ಹೋಗಬಹುದು. ಜನ ಎಷ್ಟು ಮೆಚ್ಚಿದರು ಅಂದರೆ, ಇಂಥದ್ದನ್ನು 200 ಅಂಗಡಿಗೆ ಹರಡುತ್ತೇವೆ ಅಂತ 2021ರಲ್ಲಿ ಅವರೇ ಹೇಳಿದರು. ಅದಕ್ಕೂ ಮುಂಚೆ, 2017ರಲ್ಲಿ, ಸ್ಕಾಟ್ಲೆಂಡಿನ ಫಾರೆಸ್ ಊರಿನ ಟೆಸ್ಕೊ ಅಂಗಡಿಯಲ್ಲಿ ಮರೆವಿನ ಕಾಯಿಲೆ ಇರುವವರಿಗೆ ಅಂತ ಇಂಥದ್ದೇ ಒಂದು ನಿಧಾನದ ಸಾಲು ಬಂದಿತ್ತು. ಲಾಭದ ಲೆಕ್ಕ ಬಿಡದ ದೊಡ್ಡ ಕಂಪನಿಗಳೇ ನಿಧಾನಕ್ಕೆ ಒಂದು ಜಾಗ ಇದೆ ಅಂತ ಒಪ್ಪಿಕೊಂಡಿವೆ. ನಮ್ಮ ಹುಡುಗರ ಉಸ್ಸಪ್ಪಾಗೆ ನೀವು ಸೋಲಬೇಡಿ.

ವಾರದ ದಿನ ಮಧ್ಯಾಹ್ನ ಊಟ ಆದಮೇಲೆ ಹೋಗಿ, ಅಂಗಡಿ ಖಾಲಿ ಇರುತ್ತೆ. ಚಿಲ್ಲರೆ ಬಗ್ಗೆ ಅಂತೂ ಸಂಕೋಚವೇ ಬೇಡ. ಎರಡು ರೂಪಾಯಿ ನಾಣ್ಯ ಕ್ಯಾಶಿನವರಿಗೆ ಬಂಗಾರ. ಅದು ಮುಗಿದ ದಿನ ಅವರು ಗಿರಾಕಿಯ ಕೈಗೆ ಚಾಕೊಲೇಟ್ ಕೊಟ್ಟು ಬೈಸಿಕೊಳ್ಳಬೇಕು. ನಮ್ಮ ಅಂಗಡಿಗೂ ಒಬ್ಬರು ಯಜಮಾನರು ಬರುತ್ತಿದ್ದರು, ಧೋತ್ರದ ಸೊಂಟದ ಗಂಟಿನಿಂದ ನಾಣ್ಯ ತೆಗೆದು ಮೇಜಿನ ಮೇಲೆ ಐದೈದರ ಗುಡ್ಡೆ ಮಾಡೋರು, ಮಾಡಿದ ಮೇಲೆ ಮತ್ತೆ ಒಂದೊಂದು ಗುಡ್ಡೆಯನ್ನೂ ಬೆರಳಲ್ಲಿ ಮುಟ್ಟಿ ಎಣಿಸೋರು. ನಾನು ಅಷ್ಟರಲ್ಲಿ ಹಿಂದಿನವರ ಸಾಮಾನಿನ ಲೆಕ್ಕ ಕೂಡಿಟ್ಟಿರುತ್ತಿದ್ದೆ. ಯಾರಿಗೂ ತಡವಾಗುತ್ತಿರಲಿಲ್ಲ.

ಯಾವ ಸಾಲಿಗೆ ಹೋದರೂ ಪಕ್ಕದ ಸಾಲೇ ಬೇಗ ಹೋಗುತ್ತೆ. ಇದಕ್ಕೆ ಲೆಕ್ಕಾಚಾರ ಏನಾದ್ರೂ ಇದೆಯಾ, ಇಲ್ಲ ನನ್ನ ಹಣೆಬರಹವೋ?
— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಲೆಕ್ಕಾಚಾರವೇ. ನಾಲ್ಕು ಸಾಲಿದ್ದರೆ ನಿಮ್ಮದೇ ಎಲ್ಲಕ್ಕಿಂತ ಬೇಗ ಹೋಗೋಕೆ ನಾಲ್ಕರಲ್ಲಿ ಒಂದು ಪಾಲು ಅವಕಾಶ. ನಾಲ್ಕರಲ್ಲಿ ಮೂರು ಸಲ ಬೇರೆ ಯಾವುದೋ ಸಾಲು ಗೆಲ್ಲುತ್ತೆ, ಗೆದ್ದ ದಿನ ನೀವು ಪಕ್ಕಕ್ಕೆ ನೋಡೋದೇ ಇಲ್ಲ. ಡೆನ್ಮಾರ್ಕಿನ ಅರ್ಲಾಂಗ್ ಅನ್ನೋ ಗಣಿತದವರು ಟೆಲಿಫೋನ್ ಕರೆಗಳ ದಟ್ಟಣೆಗೆ ಅಂತ 1909ರಲ್ಲಿ ಶುರು ಮಾಡಿದ ಲೆಕ್ಕ ಇವತ್ತು ಕ್ಯೂಗಳ ಶಾಸ್ತ್ರವೇ ಆಗಿದೆ, ನಿಮ್ಮ ಸಿಲಬಸ್‌ನಲ್ಲೂ ಬರಬಹುದು. ಏರ್‌ಪೋರ್ಟಿನಲ್ಲಿ ಹಾವಿನ ಹಾಗೆ ಸುತ್ತುವ ಒಂದೇ ಸಾಲು ಮಾಡಿ, ಕೊನೆಗೆ ಖಾಲಿಯಾದ ಕೌಂಟರಿಗೆ ಕಳಿಸ್ತಾರಲ್ಲ, ಅದೇ ಒಳ್ಳೇದು. ಒಬ್ಬರ ಬದನೆಕಾಯಿ ಸಿಕ್ಕಿಕೊಂಡರೂ ಮಿಕ್ಕ ಕೌಂಟರುಗಳು ನಡೆಯುತ್ತಿರುತ್ತವೆ.

ಅಲ್ಲಿಯತನಕ ತಲೆ ಎಣಿಸಿ, ಸಾಮಾನಲ್ಲ. ಸ್ಕ್ಯಾನಿಗೆ ಒಂದೆರಡು ಸೆಕೆಂಡು. ದುಡ್ಡು ಕೊಡೋದು, ಪಾಯಿಂಟ್ಸು, ಚೀಲ ಬೇಕಾ ಅನ್ನೋ ವಿಚಾರಣೆ ಪ್ರತಿ ತಲೆಗೂ ಅಷ್ಟೇ ಹೊತ್ತು ಹಿಡಿಯುತ್ತೆ. ತುಂಬಿದ ಟ್ರಾಲಿಯ ಒಬ್ಬರು, ಸಣ್ಣ ಬುಟ್ಟಿಯ ನಾಲ್ವರಿಗಿಂತ ಎಷ್ಟೋ ಸಲ ಬೇಗ ಮುಗೀತಾರೆ. ಇನ್ನೊಂದು ಕಿವಿಮಾತು. ಬೆವರಿದ ಮೊಸರಿನ ಪ್ಯಾಕೆಟ್ ಕೊಡೋ ಮುಂಚೆ ಒರೆಸಿ, ಸುಕ್ಕು ಬಿಡಿಸಿ ಕೊಡಿ. ಬಾರ್‌ಕೋಡ್ ಓದದಿದ್ದರೆ ಕೆಳಗಿನ 13 ಅಂಕಿಯನ್ನೂ ಆ ಹುಡುಗಿ ಕೈಯಲ್ಲಿ ಒತ್ತಬೇಕು. ನಮ್ಮ ದೇಶದಲ್ಲಿ ನೋಂದಾಯಿಸಿದ್ದಾದರೆ 890 ಅಂತ ಶುರುವಾಗುತ್ತೆ, ಅಷ್ಟು ಬಾಯಿಪಾಠ ಇರುತ್ತೆ, ಮಿಕ್ಕ ಹತ್ತು ನೋಡಿಯೇ ಒತ್ತಬೇಕು.

ಅಕ್ಕಾ, ನಾನು ಮದುವೆಯಾಗಿ ಮ್ಯೂನಿಕ್‌ಗೆ ಬಂದು ಆರು ತಿಂಗಳು. ಇಲ್ಲಿ ಕ್ಯಾಶಿನವರು ಕೂತಲ್ಲೇ ಸಾಮಾನನ್ನ ಬಾಣದ ಹಾಗೆ ತಳ್ಳುತ್ತಾರೆ. ನಾನು ಎರಡು ಟೊಮೆಟೊ ಚೀಲಕ್ಕೆ ಹಾಕುವಷ್ಟರಲ್ಲಿ ಎಲ್ಲ ಮುಗಿದು ದುಡ್ಡಿಗೆ ಕಾಯುತ್ತಿರುತ್ತಾರೆ. ಊರಲ್ಲಿ ನಿಧಾನದವರನ್ನ ಬೈಯುತ್ತಿದ್ದವಳು ನಾನೇ. ಈಗ ಆ ನಿಧಾನದವಳು ನಾನು!
— ಹಾಸನದ ಹುಡುಗಿ

ಅಲ್ಲಿನವರು ಅಲ್ಲಿ ಚೀಲಕ್ಕೆ ತುಂಬಲ್ಲ ಕಣಮ್ಮಾ. ಎಲ್ಲವನ್ನೂ ಹಾಗೇ ವಾಪಸ್ ಟ್ರಾಲಿಗೆ ತಳ್ಳಿಕೊಂಡು, ದುಡ್ಡು ಕೊಟ್ಟು, ಆಮೇಲೆ ಪಕ್ಕದ ಕಟ್ಟೆ ಹತ್ತಿರ ನಿಂತು ಸಾವಕಾಶ ಜೋಡಿಸ್ತಾರೆ. ಬೆಲ್ಟ್ ಮೇಲೆ ಇಡೋವಾಗಲೇ ಭಾರದ್ದು ಮುಂದೆ, ಟೊಮೆಟೊ ಮೊಟ್ಟೆ ಕೊನೆಗೆ ಇಡು. ನಿನ್ನ ಸಾಮಾನು ಮುಗಿದ ಕಡೆ ಆ ಅಡ್ಡ ಕೋಲು ಇಡೋದು ಮರೀಬೇಡ, ಇಲ್ಲಾಂದ್ರೆ ಹಿಂದಿನವರ ಬಿಯರ್ ಬಾಟಲಿ ನಿನ್ನ ಬಿಲ್ಲಿಗೆ ಬಂದು ಕೂರುತ್ತೆ.

ಬಿಲ್ ಹಾಕೋ ಮುಂಚೆ ಫೋನ್ ನಂಬರ್ ಕೊಡಲೇಬೇಕಾ?
— ಬೆಂಗಳೂರು ಓದುಗರು

ಬೇಡ. ನಂಬರ್ ಕೊಡದಿದ್ದರೆ ಬಿಲ್ಲೇ ಮಾಡಲ್ಲ ಅನ್ನೋ ಹಾಗಿಲ್ಲ ಅಂತ 2023ರ ಮೇನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚನೆ ಕೊಟ್ಟಿದೆ. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915. ಆದರೆ ಅದರ ಚರ್ಚೆಯನ್ನ ಹಿಂದೆ ಎಂಟು ಜನ ನಿಂತಿರೋವಾಗ ಕೌಂಟರಿನ ಹುಡುಗಿ ಜೊತೆ ಮಾಡಬೇಡಿ, ಆ ನಿಯಮ ಮಾಡಿದವಳು ಅವಳಲ್ಲ. 'ಕೊಡಲ್ಲಮ್ಮಾ' ಅಂದರೆ ಸಾಕು.

ನಮಸ್ತೆ ಅಕ್ಕಾ. ನಾನು ಬಿಲ್ಲಿಂಗ್‌ನಲ್ಲಿ ಕೆಲಸ ಮಾಡೋಳು. ನೀವೆಲ್ಲ ಹತ್ತು ನಿಮಿಷ ನಿಂತಿದ್ದಕ್ಕೆ ಪತ್ರ ಬರೀತೀರಿ. ನಾವು ಬೆಳಗ್ಗೆಯಿಂದ ನಿಂತೇ ಇರ್ತೀವಿ. ಕೂರೋಕೆ ಬಿಡಲ್ಲ. ಕಾಲು ಊದಿ ರಾತ್ರಿ ಚಪ್ಪಲಿ ಹಿಡಿಯಲ್ಲ. ಗಿರಾಕಿಗಳು ಫೋನಿನಲ್ಲಿ ಮಾತಾಡ್ತಾನೇ ಕಾರ್ಡ್ ಎಸೀತಾರೆ, ಮುಖ ಕೂಡ ನೋಡಲ್ಲ. ಇದನ್ನೂ ಬರೀರಿ.
— ಹೆಸರು, ಊರು ಬೇಡ

ಬರೆದೆ, ಒಂದಕ್ಷರ ಬಿಡದೆ.

ಹಾಸನದ ಹುಡುಗಿಯ ಪತ್ರದಲ್ಲಿ 'ಕೂತಲ್ಲೇ' ಅನ್ನೋ ಮಾತು ನೋಡಿದೆಯಲ್ಲ. ಅಲ್ಲಿ ಕೂತೇ ಬಿಲ್ ಹಾಕ್ತಾರೆ, ಬಾಣದ ವೇಗ ಏನೂ ಕಮ್ಮಿ ಆಗಿಲ್ಲ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ಆಸನ ಕೊಡಲೇಬೇಕು ಅಂತ ಕಾನೂನಿಗೆ ತಿದ್ದುಪಡಿ ಬಂತು. ಕೇರಳದಲ್ಲಿ ಅದಕ್ಕೋಸ್ಕರ ಹೋರಾಡಿದವರು ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡೋ ಹೆಂಗಸರೇ. ನಿನ್ನ ಅಂಗಡಿಯಲ್ಲಿ ನಾಲ್ಕು ಜನ ಸೇರಿ ಒಂದು ಅರ್ಜಿ ಬರೀರಿ. ಬರೆಯೋಕೆ ಕೈ ಬೇಕಾದರೆ ನನಗೆ ಇನ್ನೊಂದು ಪತ್ರ ಹಾಕು.

ನಮ್ಮ ಸಹಕಾರಿ ಅಂಗಡಿಯ ಕ್ಯಾಶಿನಲ್ಲಿ ಒಂದು ಮರದ ಸ್ಟೂಲ್ ಇತ್ತು. ಒಂದು ಕಾಲು ಗಿಡ್ಡ. ಅದರ ಅಡಿಗೆ ಹಳೇ ಬಿಲ್ ಪುಸ್ತಕದ ರಟ್ಟು ಮಡಚಿ ಇಟ್ಟುಕೊಳ್ಳುತ್ತಿದ್ದೆ, ತಿಂಗಳಿಗೊಮ್ಮೆ ರಟ್ಟು ಸವೆದು ಬದಲಾಯಿಸಬೇಕಿತ್ತು. ಆ ಸ್ಟೂಲಿಗೆ ದಿನಾ ಬೈಯುತ್ತಿದ್ದೆ ನಾನು.