ನಿಮ್ಮ ಮೂರನೇ ಪುಟ ಮೊದಲನೆಯದಾಗಲಿ

ನಮಸ್ಕಾರ.

ಸೇಡಂನಿಂದ ನೀವು ಕಳಿಸಿದ ‘ರಕ್ತಕ್ಕೆ ಹತ್ತಿದ ಬೂಷ್ಟು’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಮೊದಲು ಶೀರ್ಷಿಕೆ. ರೊಟ್ಟಿ ಮೇಲೆ ಬರುವ ಬೂಷ್ಟು ಬೇರೆ, ನೀವು ಬರೆದಿರುವ, ರಕ್ತಕ್ಕೆ ಸೋಂಕು ತರುವ ಕ್ಯಾಂಡಿಡಾ ಬೇರೆ. ಇದು ಯೀಸ್ಟ್. ನಮ್ಮ ಕಡೆ ಸೇಂದಿ ಹುಳಿಸುವ ಯೀಸ್ಟಿನ ದೂರದ ಸಂಬಂಧಿ ಅನ್ನಿ, ಓದುಗರಿಗೆ ಥಟ್ಟನೆ ತಿಳಿಯುತ್ತದೆ. ‘ದೇಹದ ವೀರಯೋಧರು ರಣರಂಗಕ್ಕೆ ಇಳಿದಾಗ’ ಅನ್ನುವ ಪ್ಯಾರಾ ಪೂರ್ತಿ ಹೊಡೆದು ಹಾಕಿದ್ದೇನೆ. ಲ್ಯಾಬಿನಲ್ಲಿ ಕೆಲಸ ಮಾಡುವ ನಿಮಗೆ ಈ ಸಿನಿಮಾ ಯಾಕೆ?

ನಿಜವಾದ ಲೇಖನ ಮೂರನೇ ಪುಟದಲ್ಲಿ ಅವಿತು ಕೂತಿದೆ. ಐಸಿಯುನಲ್ಲಿ ಅಪ್ಪ. ಮಗ ದಿನಾ ಬಂದು ‘ರಿಪೋರ್ಟ್ ಬಂತೇನ್ರಿ?’ ಅಂತ ಕೇಳುತ್ತಾನೆ. ನೀವು ‘ಇನ್ನಾ ಇಲ್ರಿ’ ಅನ್ನುತ್ತೀರಿ. ಅಲ್ಲಿಂದ ಶುರು ಮಾಡಿ. ರಕ್ತದ ಮಾದರಿಯಲ್ಲಿ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಕ್ಯಾಂಡಿಡಾ ಬೆಳೆದು ಕಾಣಲು ಎರಡು ಮೂರು ದಿನ ಬೇಕು. ಎಷ್ಟೋ ಸಲ ಬೆಳೆಯುವುದೇ ಇಲ್ಲ. ಔಷಧಿ ತಡವಾದರೆ ಜೀವಕ್ಕೆ ಕುತ್ತು. ಬೆಳೆಯುವ ತನಕ ಕಾಯದೆ ರಕ್ತದಲ್ಲಿ ಫಂಗಸ್ ಸುಳಿವು ಹುಡುಕುವ ಬೀಟಾ-ಡಿ-ಗ್ಲುಕಾನ್ ಪರೀಕ್ಷೆ ಯಾಕೆ ಬೇಕಾಯಿತು ಅಂತ ಆಗ ಬೇರೆ ಹೇಳಬೇಕಿಲ್ಲ, ಅಲ್ವಾ?

‘ಗ್ಲುಕಾನ್ ಪಾಸಿಟಿವ್ ಅಂದರೆ ಕ್ಯಾಂಡಿಡಾ ಪಕ್ಕಾ’ ಎಂದು ಬರೆದಿದ್ದೀರಿ. ಇದು ತಪ್ಪು, ಅದೂ ಅಪಾಯದ ತಪ್ಪು. ಗ್ಲುಕಾನ್ ಫಂಗಸ್ ಕೋಶದ ಗೋಡೆಯ ಚೂರು, ಆಸ್ಪರ್ಜಿಲಸ್ ಅನ್ನುವ ಬೇರೆ ಫಂಗಸ್‌ನಲ್ಲೂ ಇದೆ. ಆಪರೇಷನ್ನಿನ ಗಾಜ್ ಬಟ್ಟೆ, ಕೆಲವು ಡಯಾಲಿಸಿಸ್ ಫಿಲ್ಟರ್, ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಪ್ರತಿಕಾಯದ ಔಷಧಿ‌ನಿಂದಲೂ ಏರಬಹುದು. ಈ ಪರೀಕ್ಷೆಯ ಬಲ ಇರುವುದು ನೆಗೆಟಿವ್‌ನಲ್ಲಿ. ಅನುಮಾನದ ಮೇಲೆ ಶುರು ಮಾಡಿದ ಫಂಗಸ್ ಔಷಧಿ ನಿಲ್ಲಿಸಲು ವೈದ್ಯರಿಗೆ ಅದು ಧೈರ್ಯ ಕೊಡುತ್ತದೆ. ಇದನ್ನೇ ಹಿಗ್ಗಿಸಿ ಬರೆಯಿರಿ.

ಸೋಂಕಿನ ಸುಳಿವಿಗೆ ರಕ್ತದಲ್ಲಿ ಅಳೆಯುವ ಪ್ರೊಕ್ಯಾಲ್ಸಿಟೋನಿನ್‌ಗೆ ಎರಡು ಸಾಲು ಸಾಕು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಜಾಸ್ತಿ ಏರುತ್ತದೆ, ಕ್ಯಾಂಡಿಡಾದಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಸುಳಿವು ಅಷ್ಟೇ. ಮನ್ನಾನ್ ಅಂದರೆ ಕ್ಯಾಂಡಿಡಾ ಗೋಡೆಯ ಇನ್ನೊಂದು ಅಂಶ; ಅದರ ವಿರುದ್ಧ ಮೈ ಮಾಡುವ ಪ್ರತಿಕಾಯದ ಬಗ್ಗೆ ಬರೆಯುವಾಗ, ರೋಗನಿರೋಧಕ ಶಕ್ತಿ ಕುಗ್ಗಿದವರ ಮೈ ಪ್ರತಿಕಾಯ ಸರಿಯಾಗಿ ಮಾಡದೇ ಇರಬಹುದು ಅನ್ನುವುದನ್ನು ಮರೆತಿದ್ದೀರಿ. ಅದಕ್ಕೇ ಮನ್ನಾನನ್ನೂ ಜೊತೆಗೆ ನೋಡುವುದು. ರಕ್ಷಣಾ ಕೋಶಗಳು ಸಂದೇಶ ಕಳಿಸಲು ಬಳಸುವ ಇಂಟರ್‌ಲ್ಯೂಕಿನ್‌ಗಳ ಉದ್ದ ಪಟ್ಟಿ ಬಿಡಿ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಳ್ಳುವವರಿಗೆ ಅದರಿಂದ ಏನಾಗಬೇಕು?

ಕ್ಯಾಂಡಿಡಾದ ಒಂದು ಜಾತಿ ಕ್ಯಾಂಡಿಡಾ ಆರಿಸ್ ಕೋವಿಡ್ ಕಾಲದ್ದು ಎಂದಿದ್ದೀರಿ. ಅಲ್ಲ. ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಸಿಕ್ಕಿತ್ತು, 2009ರಲ್ಲೇ ಅದಕ್ಕೆ ಹೆಸರಿಟ್ಟರು. ಆರಿಸ್ ಅಂದರೆ ಲ್ಯಾಟಿನ್‌ನಲ್ಲಿ ಕಿವಿ.

ರೋಗಿಯ ಊರು, ಬೆಡ್ ನಂಬರ್ ತೆಗೆಯಿರಿ. ಮಗನ ಒಪ್ಪಿಗೆ ಕೇಳಿ. ಇನ್ನೊಂದು, ಆ ರಿಪೋರ್ಟ್ ಕೊನೆಗೆ ಏನು ಬಂತು ಅಂತ ನೀವು ಬರೆದೇ ಇಲ್ಲ.